ಪರಾರಿಯಾಗಿದ್ದಾನೆ, ಸಿಕ್ಕಿಬಿದ್ದಿದ್ದಾರೆ

ಶಿವಮೊಗ್ಗ ಜಿಲ್ಲೆಯ ಪತ್ರಿಕಾ ಪುಟಗಳನ್ನು ಬಹಳ ವರ್ಷಗಳಿಂದ ಓದುತ್ತ ಬಂದವರಿಗೆ ಎರಡು ಬಗೆಯ ಸುದ್ದಿಗಳು ಬಾಯಿಪಾಠವಾಗಿರುತ್ತವೆ. ಒಂದು, ಯಾರದೋ ಅಂಗಳದಲ್ಲಿ ಒಣಗಲು ಹರವಿದ್ದ ಅಡಿಕೆ ಕದ್ದವನದು. ಇನ್ನೊಂದು, ಖಾತೆ ಬದಲಾವಣೆಗೋ ಪೋಡಿಗೋ ಲಂಚ ಪಡೆಯುವಾಗ ಕೈಗೆ ಬಣ್ಣ ಹತ್ತಿಸಿಕೊಂಡವರದು. ಮೊದಲನೆಯದು “ಆರೋಪಿಯು ಪರಾರಿಯಾಗಿದ್ದಾನೆ” ಎಂದು ಮುಗಿದರೆ ಎರಡನೆಯದು “ಲೋಕಾಯುಕ್ತರ ಬಲೆಗೆ ಬಿದ್ದಿದ್ದಾರೆ” ಎಂದು ಮುಗಿಯುತ್ತದೆ. ಇಬ್ಬರ ಮೇಲೂ ಪ್ರಕರಣ ದಾಖಲಾಗಿದೆಯಷ್ಟೆ. ಇಬ್ಬರ ವಿಚಾರಣೆಯೂ ಇನ್ನು ಮುಂದೆ ನಡೆಯಬೇಕಾದದ್ದು. ಕಾನೂನಿನ ದೃಷ್ಟಿಯಲ್ಲಿ ಇಬ್ಬರೂ ಆರೋಪಿಗಳೇ. ಆದರೂ ಒಬ್ಬನಿಗೆ ಏಕವಚನ, ಇನ್ನೊಬ್ಬರಿಗೆ ಬಹುವಚನ. ‘ಆರೋಪಿ’ ಎಂಬ ನಾಮಪದವನ್ನು ಬಹಳ ಎಚ್ಚರದಿಂದ ಆರಿಸಿಕೊಂಡ ವರದಿಗಾರ, ಕ್ರಿಯಾಪದದ ಬಾಲಕ್ಕೆ ಬರುವ ಹೊತ್ತಿಗೆ ತೀರ್ಪು ಕೊಟ್ಟು ಮುಗಿಸಿರುತ್ತಾನೆ. ಕನ್ನಡದಲ್ಲಿ ಮೂರನೆಯ ಮನುಷ್ಯನೊಬ್ಬನ ಬಗ್ಗೆ ಒಂದು ವಾಕ್ಯ ಹೇಳಬೇಕಾದರೂ ಅವನಿಗೆ ಎಷ್ಟು ಮರ್ಯಾದೆ ಸಲ್ಲುತ್ತದೆ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಅದನ್ನು ನಾವು ಎಷ್ಟು ಸಲೀಸಾಗಿ ನಿರ್ಧರಿಸುತ್ತೇವೆ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ಕೆಲಕಾಲ ನಾನೂ ಸಾಗರದಿಂದ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಅಪರಾಧ ಸುದ್ದಿಯ ಮುಕ್ಕಾಲು ಭಾಗ ಪೊಲೀಸರ ಪ್ರಕಟಣೆಯಿಂದ ಬರುತ್ತದೆ. ಅದರ ಭಾಷೆ ಒಣ ಭಾಷೆ: “ಖಚಿತ ಮಾಹಿತಿ ಮೇರೆಗೆ”, “ಅನುಮಾನಾಸ್ಪದವಾಗಿ ತಿರುಗಾಡುತ್ತಿದ್ದಾಗ”, “ಪಂಚರ ಸಮಕ್ಷಮ”. ಅದು ಪತ್ರಿಕೆಯ ಕಚೇರಿ ತಲುಪಿ ಶೀರ್ಷಿಕೆ ಪಡೆಯುವಷ್ಟರಲ್ಲಿ ಒಳಗಿನ ಮನುಷ್ಯ ಖದೀಮನೋ ಐನಾತಿಯೋ ಖತರ್ನಾಕ್ ಕಳ್ಳನೋ ಆಗಿ, ಪೊಲೀಸರು ಅವನ ಹೆಡೆಮುರಿ ಕಟ್ಟಿ, ಅವನು ಅಂದರ್ ಆಗಿರುತ್ತಾನೆ. ಅಪರಾಧ ಇನ್ನೂ ಹೀನವಾಗಿದ್ದರೆ ‘ಕಿರಾತಕ’. ಬೆಟ್ಟಗುಡ್ಡಗಳಲ್ಲಿ ಬೇಟೆಯಾಡಿ ಬದುಕುತ್ತಿದ್ದ ಜನರ ಹೆಸರು ಅದು. ಅರ್ಜುನನನ್ನು ಪರೀಕ್ಷಿಸಲು ಶಿವನೇ ತೊಟ್ಟ ವೇಷ. ಮಲೆನಾಡಿನಲ್ಲಿ ಕೂತು ಆ ಪದವನ್ನು ಬೈಗುಳವಾಗಿ ಬರೆಯುವ ನಮಗೆ ಅದರಲ್ಲಿ ಏನೂ ಅನ್ನಿಸುವುದಿಲ್ಲ. ಕಚೇರಿಯ ಬಹುವಚನದವರಿಗೆ ಮಾತ್ರ ಇಂಥ ಪದಗಳು ಅಂಟುವುದಿಲ್ಲ. ಅವರದು ‘ಅವ್ಯವಹಾರ’, ‘ದುರುಪಯೋಗ’, ‘ಹಗರಣ’. ಸಹಕಾರ ಸಂಘದ ಠೇವಣಿಯನ್ನೇ ಗುಳುಂ ಮಾಡಿದವರನ್ನು ಕಳ್ಳ ಎಂದು ಬರೆದ ಒಂದೇ ಒಂದು ವರದಿಯನ್ನು ನಾನು ಓದಿದ ನೆನಪಿಲ್ಲ. ಹಣ ದುರುಪಯೋಗವಾಗುತ್ತದೆ, ಅಡಿಕೆ ಕಳುವಾಗುತ್ತದೆ. ದುರುಪಯೋಗವೆಂದರೆ ಮಳೆ ಬಂದ ಹಾಗೆ ತಾನಾಗಿಯೇ ಆಗುವ ಸಂಗತಿಯೇನೋ ಎಂಬಂತೆ.

ಒಮ್ಮೆ ಉಪಸಂಪಾದಕರೊಬ್ಬರ ಹತ್ತಿರ ಈ ಮಾತು ತೆಗೆದಿದ್ದೆ. “ಕಳ್ಳನಿಗೆ ಬಹುವಚನ ಹಾಕಿದ್ರೆ ಓದೋರು ನಗ್ತಾರೆ ಮಾರಾಯ, ‘ಶ್ರೀಯುತರು ಕನ್ನ ಹಾಕಿದ್ದಾರೆ’ ಅಂತ ಬರೀಲಾ?” ಎಂದರು. ನಗುತ್ತಾರೆ ಎಂಬುದು ನಿಜ. ಆದರೆ ಕನ್ನಡದಲ್ಲಿ ದಾರಿ ಇಲ್ಲವೆಂದಲ್ಲ. “ಒಬ್ಬ ವ್ಯಕ್ತಿಯನ್ನು ಬಂಧಿಸಲಾಗಿದೆ” ಎಂದರೆ ‘ದ್ದಾನೆ’ಯೂ ಇಲ್ಲ, ‘ದ್ದಾರೆ’ಯೂ ಇಲ್ಲ. ಬರೆಯುವಾಗ ಇಷ್ಟವಾಗದ ಈ ಕರ್ಮಣಿ ಪ್ರಯೋಗಕ್ಕೆ ಇದೊಂದು ಕಡೆ ಒಳ್ಳೆಯ ಉಪಯೋಗವಿದೆ ಎಂಬುದು ನನ್ನ ಅಭಿಪ್ರಾಯ. ನಾನು ಹಾಗೆ ಬರೆದು ಕಳಿಸಿದ್ದು ಮರುದಿನ “ಕಂಬಿ ಎಣಿಸುತ್ತಿದ್ದಾನೆ” ಎಂದು ಅಚ್ಚಾಗಿರುತ್ತಿತ್ತು.

ಸುಲಿಯುವ ಅಂಗಳ

ಪತ್ರಿಕೆಯವರನ್ನು ದೂರಿ ಪ್ರಯೋಜನವಿಲ್ಲ. ಅವರು ಬರೆಯುವ ಮೊದಲೇ ಊರು ಹೆಸರಿಟ್ಟಿರುತ್ತದೆ.

ನಮ್ಮ ಕಡೆ ಒಂದೇ ಹೆಸರಿನ ಮೂವರು ಇದ್ದಾರೆ. ಗುರುತಿಗಾಗಿ ಒಬ್ಬನಿಗೆ ಮನೆಯ ಹೆಸರನ್ನು ಸೇರಿಸಿದ್ದಾರೆ, ಇನ್ನೊಬ್ಬನಿಗೆ ಅವನಲ್ಲಿದ್ದ ಜೀಪನ್ನು. ಮೂರನೆಯವನಿಗೆ ‘ಅಡಿಕೆಕಳ್ಳ’ ಎಂಬುದನ್ನು ಸೇರಿಸಿದ್ದಾರೆ. ಇನ್ನೂ ಮೀಸೆ ಬಲಿಯದ ವಯಸ್ಸಿನಲ್ಲಿ ಅವನು ಒಂದು ಮನೆಯ ಅಟ್ಟದ ಮೇಲಿಂದ ಅರ್ಧ ಚೀಲದಷ್ಟು ಒಣ ಅಡಿಕೆಯನ್ನು ರಾತ್ರಿ ಎತ್ತಿಕೊಂಡು ಹೋಗಿ ಪೇಟೆಯ ವ್ಯಾಪಾರಿಯೊಬ್ಬರಿಗೆ ಮಾರಿದ್ದ. ಮೂರು ದಿನದಲ್ಲಿ ಗೊತ್ತಾಯಿತು. ಅಂಗಳದ ಕಂಬಕ್ಕೆ ಕಟ್ಟಿ ಹೊಡೆದರು, ಊರವರು ಸೇರಿ ದಂಡ ಹಾಕಿದರು, ಅವನ ಅಪ್ಪ ಕೂಲಿಯಲ್ಲಿ ಮುರಿಸಿಕೊಂಡು ಅದನ್ನು ತೀರಿಸಿದ. ಪೊಲೀಸ್ ಠಾಣೆಗೆ ಯಾರೂ ಹೋಗಲಿಲ್ಲ. ಹಾಗಾಗಿ ಸರ್ಕಾರದ ಯಾವ ಪುಸ್ತಕದಲ್ಲೂ ಅವನು ಅಪರಾಧಿಯಲ್ಲ, ಆರೋಪಿಯೂ ಅಲ್ಲ. ಅದೇ ಪ್ರಸಂಗದಲ್ಲಿ ಕಳವಿನ ಮಾಲೆಂದು ಗೊತ್ತಿದ್ದೇ ಅರ್ಧ ಬೆಲೆಗೆ ಕೊಂಡವರು ಆಗಿನ ದಂಡ ಸಂಹಿತೆಯ 411ನೆಯ ಕಲಮಿನ ಪ್ರಕಾರ ನೇರವಾಗಿ ತಪ್ಪಿತಸ್ಥರು. ಅವರನ್ನು ಊರು ಆಗಲೂ ಸಾಹುಕಾರರು ಎಂದೇ ಕರೆಯುತ್ತಿತ್ತು, ಈಗಲೂ ಹಾಗೆಯೇ ಕರೆಯುತ್ತದೆ.

ಆ ಹುಡುಗ ಮುಂದೆ ಕೊನೆಗಾರನಾದ. ಅಡಿಕೆ ಮರ ಹತ್ತುವವರಿಗೆ ಈಗ ಎಂಥ ಬೇಡಿಕೆ ಎಂಬುದನ್ನು ತೋಟ ಇದ್ದವರಿಗೆ ಹೇಳಬೇಕಾಗಿಲ್ಲ. ಕೊಯ್ಲಿನ ಕಾಲದಲ್ಲಿ ಅವನ ಮನೆ ಬಾಗಿಲಿಗೆ ಕಾರಿನಲ್ಲಿ ಹೋಗಿ ದಿನ ಗೊತ್ತುಮಾಡಿಕೊಂಡು ಬರುತ್ತಾರೆ. ಮರದಿಂದ ಮರಕ್ಕೆ ತೂಗಿಕೊಂಡು ಹೋಗುತ್ತ, ಕೊನೆಯನ್ನು ಹಗ್ಗದ ಮೇಲೆ ಜಾರಿಬಿಡುವ ಅವನ ಕೈಯಲ್ಲಿ ಒಂದು ಮನೆಯ ವರ್ಷದ ಫಸಲಷ್ಟೂ ಇರುತ್ತದೆ. ಒಂದು ಕಾರ್ತಿಕದ ರಾತ್ರಿ ಪರಿಚಿತರ ಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದಾಗ ನಾನೂ ಅಲ್ಲಿದ್ದೆ. ಸುಲಿಯುವ ಯಂತ್ರ ಕೆಟ್ಟಿದ್ದರಿಂದ ಹಳೆಯ ಮೆಟ್ಟುಗತ್ತಿಗಳು ಹೊರಬಂದಿದ್ದವು. ಅಕ್ಕಪಕ್ಕದ ಹೆಂಗಸರು ಸಾಲಾಗಿ ಕುಳಿತು ಡಬ್ಬದ ಲೆಕ್ಕದಲ್ಲಿ ಸುಲಿಯುತ್ತಿದ್ದರು. ಹಿಂದೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಮನೆಯ ಯಜಮಾನರು ನಾಳೆಯ ಕೊಯ್ಲಿನ ಮಾತೆತ್ತಿ, “ಅಡಿಕೆಕಳ್ಳ ಬರ್ತಾನೆ ಅಂದಿದ್ದ, ಬೆಳಿಗ್ಗೆ ಬೇಗ ತಿಂಡಿ ಆಗಬೇಕು” ಎಂದರು. ಯಾರೂ ನಗಲಿಲ್ಲ. ಆ ಹೆಸರಿನಲ್ಲಿ ನಗುವಂಥದ್ದು ಏನೂ ಉಳಿದಿರಲಿಲ್ಲ. ಸುಲಿಯುತ್ತಿದ್ದವರ ಪೈಕಿ ಅವನ ಹೆಂಡತಿಯೂ ಇದ್ದಳು. ಅವಳ ಕೈ ನಿಲ್ಲಲಿಲ್ಲ, ತಲೆಯೂ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಅವರಿಗೆ ನಾಳೆ ಮೇಲಿನ ಮನೆಯಲ್ಲಿ ಹೇಳಿಯಾಗಿದೆ, ನಾಡಿದ್ದು ಬರ್ತಾರೆ” ಎಂದಳು. ಅವಳು ಹೇಳಿದ ‘ಅವರಿಗೆ’ ಎಂಬುದು ನನ್ನ ಕಿವಿಯಲ್ಲಿ ನಿಂತಿದೆ. ಯಜಮಾನರ ಕಿವಿಗೂ ಬಿದ್ದಿತ್ತೆಂದು ತೋರುತ್ತದೆ. ಮುಂದಿನ ಮಾತಿನಲ್ಲಿ ಅವರು ‘ಅವನು’ ಎಂದಷ್ಟೇ ಹೇಳಿದರು, ಅಡಿಕೆಕಳ್ಳ ಎನ್ನಲಿಲ್ಲ.

ಅದೇ ಯಜಮಾನರ ತೋಟದ ಮೇಲ್ಭಾಗದ ಎರಡು ಎಕರೆ ಕಾನಿನ, ಎಂದರೆ ದಟ್ಟ ಕಾಡಿನ, ಜಾಗ. ಅಗಳ ಹೊಡೆಸಿ, ಬೇಲಿ ಸರಿಸಿ, ಸಸಿ ಇಟ್ಟು ಈಗ ಫಸಲು ಬರುತ್ತಿದೆ. ಅರಣ್ಯ ಇಲಾಖೆಯವರು ‘ಎಫ್‌ಓಸಿ’ ಹಾಕಿದ್ದಾರೆ. ಎಂದರೆ ಅರಣ್ಯ ಅಪರಾಧ ಪ್ರಕರಣ. ಊರಿನ ಮಾತಿನಲ್ಲಿ ಮಾತ್ರ ಅದು ‘ಹೆಚ್ಚುವರಿ ಸಾಗುವಳಿ’. ಅವರು ಕೆಟ್ಟವರಲ್ಲ, ನಾನು ಹೋದಾಗಲೆಲ್ಲ ಕೈತುಂಬ ಕೊಟ್ಟು ಕಳಿಸುವವರು. ಇಲಾಖೆ ತನ್ನನ್ನು ಏನೆಂದು ಕರೆಯುತ್ತದೆ ಎಂಬುದನ್ನು ನೆನೆದು ನಿದ್ದೆಗೆಟ್ಟವರೂ ಹೌದು. ಒಂದು ಪದ ತನ್ನ ಮೇಲೆ ಬಿದ್ದಾಗ ಅದರ ಭಾರ ಗೊತ್ತಾಗುವ ಮನುಷ್ಯನಿಗೆ, ಇನ್ನೊಬ್ಬನ ಮೇಲೆ ಅಂಥದ್ದೇ ಪದ ಹೊರಿಸುವಾಗ ಭಾರ ಕಾಣದಿರುವುದು ಹೇಗೆ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಒಂದೇ ಮನೆ, ಹಲವು ಕಡತ

ಮಲೆನಾಡಿನಲ್ಲಿ ಕಾನೂನು ಮುರಿಯುವುದಕ್ಕೆ ಮನೆಯಿಂದ ಹೊರಗೆ ಕಾಲಿಡಬೇಕೆಂದೇನೂ ಇಲ್ಲ. ಕಾಲಿನ ಕೆಳಗಿನ ನೆಲವೇ ಸೊಪ್ಪಿನಬೆಟ್ಟವೋ, ಗೋಮಾಳವೋ, ಕಾನೋ, ಕಿರು ಅರಣ್ಯವೋ ಆಗಿರುತ್ತದೆ. ಹಿತ್ತಲಿನ ಗಂಧದ ಮರವೂ ಬಹುಕಾಲ ಸರ್ಕಾರದ್ದಾಗಿತ್ತು. ಟಿಪ್ಪುವಿನ ಕಾಲದಿಂದ ರಾಜವೃಕ್ಷವಾಗಿದ್ದ ಅದು ಜಮೀನಿನ ಒಡೆಯನದೆಂದು ಆದದ್ದು 2001ರ ತಿದ್ದುಪಡಿಯ ನಂತರ. ಅದಕ್ಕೆ ಮೊದಲು ತನ್ನ ಹಿತ್ತಲಿನ ಮರವನ್ನು ತಾನೇ ಕಡಿದವನು ಗಂಧಗಳ್ಳ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಗಲಾಟೆ ಎದ್ದಾಗ, ಅಜ್ಜನ ಕಾಲದಿಂದ ಜಗಲಿಯ ಗೋಡೆಯ ಮೇಲೆ ಟೋಪಿ, ಕೊಡೆ ನೇತುಹಾಕಲು ಬಳಕೆಯಾಗುತ್ತಿದ್ದ ಕಡವೆಯ ಕೊಂಬುಗಳು ನಮ್ಮ ಕಡೆಯ ಎಷ್ಟೋ ಮನೆಗಳಿಂದ ರಾತ್ರೋರಾತ್ರಿ ಕಾಣೆಯಾದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಅರ್ಧ ಶತಮಾನ ಕಳೆದಿದ್ದರೂ ಅಜ್ಜ ‘ಶಿಕಾರಿಯವರು’ ಆಗಿಯೇ ಉಳಿದಿದ್ದರು. ‘ಕಳ್ಳಬೇಟೆ’ ಎಂಬುದು ಪತ್ರಿಕೆಯಲ್ಲಿ ಬರುವ, ಬೇರೆ ಊರಿನವರು ಮಾಡುವ ಕೆಲಸ. ನಾವು ಹೋಗುವುದು ಈಡಿಗೆ.

ಪದಗಳ ಈ ಆಟ ಅತ್ಯಂತ ಕ್ರೂರವಾಗಿ ನಡೆದಿರುವುದು ಶರಾವತಿ ಮುಳುಗಡೆಯವರ ವಿಷಯದಲ್ಲಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನೀರು ಏರಿದಂತೆ ಸಾಗರ, ಹೊಸನಗರ ಸೀಮೆಯ ಜನರನ್ನು ಲಾರಿಗಳಲ್ಲಿ ಸಾಮಾನಿನ ಸಮೇತ ತಂದು ಶಿವಮೊಗ್ಗ, ತೀರ್ಥಹಳ್ಳಿ ಮೊದಲಾದ ಕಡೆಯ ಕಾಡುಗಳಲ್ಲಿ ಇಳಿಸಿದರು. ಇಳಿಸಿದ್ದು ಸರ್ಕಾರವೇ. ಕಾಡನ್ನು ಕಡಿದು ಗದ್ದೆ ಮಾಡಿಕೊಳ್ಳಿ ಎಂದದ್ದೂ ಸರ್ಕಾರವೇ. ಆದರೆ ಆ ಭೂಮಿಯನ್ನು ಅರಣ್ಯದ ಲೆಕ್ಕದಿಂದ ತೆಗೆಯುವ ಕಾಗದದ ಕೆಲಸ ಪೂರ್ತಿಯಾಗಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದಕ್ಕೆ ಕೇಂದ್ರದ ಒಪ್ಪಿಗೆ ಬೇಕಾಯಿತು. ಒಪ್ಪಿಗೆಯಿಲ್ಲದೆ ರಾಜ್ಯ ಸರ್ಕಾರ ಹೊರಡಿಸಿದ ಡಿನೋಟಿಫಿಕೇಷನ್ ಆದೇಶಗಳು ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಹೀಗಾಗಿ ಅದೇ ಕುಟುಂಬ ವಿದ್ಯುತ್ ಯೋಜನೆಯ ಕಡತದಲ್ಲಿ ‘ಸಂತ್ರಸ್ತ’, ಅರಣ್ಯ ಇಲಾಖೆಯ ಕಡತದಲ್ಲಿ ‘ಒತ್ತುವರಿದಾರ’. ಕಂದಾಯ ಇಲಾಖೆಯಲ್ಲಿ 50, 53, 57 ಎಂಬ ನಮೂನೆಗಳಲ್ಲಿ ಅರ್ಜಿ ಹಾಕಿದ್ದರೆ ‘ಅನಧಿಕೃತ ಸಾಗುವಳಿದಾರ’. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ್ದರೆ, ಅದೂ ಮೂರು ತಲೆಮಾರಿನ, ಎಂದರೆ 75 ವರ್ಷದ ವಾಸಕ್ಕೆ ದಾಖಲೆ ಒದಗಿಸಲು ಸಾಧ್ಯವಾದರೆ, ‘ಪಾರಂಪರಿಕ ಅರಣ್ಯವಾಸಿ’. ಅರುವತ್ತರ ದಶಕದಲ್ಲಿ ತಂದು ಇಳಿಸಿದವರು 2005ಕ್ಕೆ ಮುಂಚಿನ 75 ವರ್ಷದ ವಾಸವನ್ನು ಅದೇ ಜಾಗದಲ್ಲಿ ಎಲ್ಲಿಂದ ತೋರಿಸಬೇಕು ಎಂಬುದನ್ನು ಆ ನಮೂನೆ ಕೇಳುವುದಿಲ್ಲ. ಚುನಾವಣೆ ಹತ್ತಿರ ಬಂದಾಗ ಅವರೆಲ್ಲರೂ ‘ನಮ್ಮ ರೈತ ಬಂಧುಗಳು’.

ಇದರ ಮೇಲೊಂದು ಕಲಶ, 2011ರ ಭೂಕಬಳಿಕೆ ನಿಷೇಧ ಕಾಯ್ದೆ. ಬೆಂಗಳೂರಿನ ಸುತ್ತ ಕೆರೆ, ಗುಂಡುತೋಪು ನುಂಗಿ ಬಡಾವಣೆ ಕಟ್ಟಿದವರನ್ನು ಹಿಡಿಯಲು ಮಾಡಿದ ಕಾನೂನು ಅದು. ಅದರ ವಿಶೇಷ ನ್ಯಾಯಾಲಯ ಇದ್ದದ್ದು ಬೆಂಗಳೂರಿನಲ್ಲಿ. ಮಲೆನಾಡಿನ ಅರ್ಧ ಎಕರೆ, ಒಂದು ಎಕರೆಯವರಿಗೂ ಅಲ್ಲಿಂದ ಸಮನ್ಸ್ ಬರತೊಡಗಿತು. ರಾತ್ರಿ ಬಸ್ಸಿನಲ್ಲಿ ಹೊರಟು ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು ನ್ಯಾಯಾಲಯ ಹುಡುಕಿಕೊಂಡು ಹೋಗುತ್ತಿದ್ದ ವಯಸ್ಸಾದವರನ್ನು ನಾನು ಬಲ್ಲೆ. ಅವರಿಗೆ ದಂಡದ, ಜೈಲಿನ ಭಯಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ‘ಭೂಗಳ್ಳ’ ಎಂಬ ಮಾತು. “ಒತ್ತುವರಿ ಅಂದ್ರೆ ಒಪ್ಕೋತೀನಿ, ಹೌದು, ಒತ್ತಿದ್ದೇನೆ. ಕಳ್ಳ ಅಂದ್ರೆ ಹ್ಯಾಗೆ? ರಾತ್ರಿ ಹೊತ್ತು ಮಾಡಿದ್ದಲ್ಲ, ಹಗಲು ಎಲ್ಲರೆದುರು ಮಾಡಿದ್ದು” ಎಂದು ಒಬ್ಬರು ಹೇಳಿದ್ದರು. ಕಳ್ಳತನಕ್ಕೆ ಗುಟ್ಟು ಬೇಕು ಎಂಬುದು ಅವರ ವಾದ. ಆಗಿನ ದಂಡ ಸಂಹಿತೆಯಲ್ಲಿ ಹಾಗೇನೂ ಇರಲಿಲ್ಲ, ಅದಿರಲಿ. ಆದರೆ ಸ್ಥಿರಾಸ್ತಿಯನ್ನು ಕದಿಯಲು ಬರುವುದಿಲ್ಲ, ಕಳ್ಳತನ ಎನ್ನುವುದು ಚರಾಸ್ತಿಗೆ ಮಾತ್ರ ಅನ್ವಯಿಸುತ್ತದೆ ಎಂಬುದು ಅದೇ ಸಂಹಿತೆಯ ವ್ಯಾಖ್ಯೆ. ಆ ಲೆಕ್ಕದಲ್ಲಿ ಆ ವೃದ್ಧರ ಆಕ್ಷೇಪಣೆ ಸರಿಯಾಗಿಯೇ ಇತ್ತು. ಗ್ರಾಮೀಣ ಭಾಗದ ರೈತರನ್ನು ಈ ಕಾಯ್ದೆಯ ಬಲೆಯಿಂದ ಬಿಡಿಸಲೆಂದು 2022ರಲ್ಲಿ ತಿದ್ದುಪಡಿ ತಂದರು. ಭೂಗಳ್ಳರೆನಿಸಿಕೊಂಡಿದ್ದವರು ಮತ್ತೆ ಒತ್ತುವರಿದಾರರಾದರು. ಅವರಲ್ಲಿ ಕೆಲವರು ಅದಕ್ಕೆ ಸಂತೋಷಪಟ್ಟದ್ದನ್ನು ಕಂಡು ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಇಲ್ಲಿ ಒಂದು ಎಚ್ಚರವೂ ಬೇಕು. ಅನುಮತಿಯಿಲ್ಲದ ಸಾಗುವಳಿಗೆ ಇಟ್ಟ ‘ಬಗರ್‌ಹುಕುಂ’ ಎಂಬ ಮೆತ್ತನೆಯ ಪದದ ಹಿಂದೆ ಹೊಟ್ಟೆಪಾಡಿನ ಒಂದು ಎಕರೆಯವನೂ ಇದ್ದಾನೆ, ಜೆಸಿಬಿ ತರಿಸಿ ವಾರದಲ್ಲಿ ಇಡೀ ಗುಡ್ಡ ಬೋಳಿಸಿ ಶುಂಠಿ ಹಾಕಿದವರೂ ಇದ್ದಾರೆ. ಎರಡನೆಯವರ ಅದೃಷ್ಟವೆಂದರೆ ಅವರಿಗಾಗಿ ಪ್ರತ್ಯೇಕ ಪದ ಹುಟ್ಟದೇ ಇದ್ದದ್ದು. ಅರಣ್ಯ ಇಲಾಖೆಯ 64ಎ ನೋಟಿಸು, ಎಂದರೆ ಒತ್ತುವರಿ ತೆರವಿನ ನೋಟಿಸು, ಬಂದಾಗ ಅವರು ಮೊದಲನೆಯವನ ಹಿಂದೆ ಹೋಗಿ ನಿಲ್ಲುತ್ತಾರೆ. ಪ್ರತಿಭಟನೆಯ ಫಲಕ ಹಿಡಿಯುವವನು ಮೊದಲನೆಯವನೇ.

ಈಸೂರು, ಕಾಗೋಡು

ಕಾನೂನು ಮುರಿದವರಿಗೆ ಸ್ಮಾರಕ ಕಟ್ಟಿಸಿದ ಜಿಲ್ಲೆ ನಮ್ಮದು. ಶಿಕಾರಿಪುರ ತಾಲೂಕಿನ ಈಸೂರು 1942ರಲ್ಲಿ ತನ್ನನ್ನು ತಾನೇ ಸ್ವತಂತ್ರ ಎಂದು ಸಾರಿಕೊಂಡು, ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡಿತು. ಮುಂದೆ ನಡೆದ ಘರ್ಷಣೆಯಲ್ಲಿ ಸರ್ಕಾರದ ನಿಜವಾದ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಇಬ್ಬರೂ ಸತ್ತರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚಿನಲ್ಲಿ ಗಲ್ಲಿಗೇರಿಸಿದರು. ಅವತ್ತಿನ ನ್ಯಾಯಾಲಯದ ದಾಖಲೆಯಲ್ಲಿ ಅವರು ಕೊಲೆ ಅಪರಾಧಿಗಳು. ನಾಲ್ಕೇ ವರ್ಷಗಳ ನಂತರ ಹುತಾತ್ಮರು. “ಏಸೂರು ಕೊಟ್ಟರೂ ಈಸೂರು ಕೊಡೆವು” ಎಂಬ ಮಾತನ್ನು ಕೇಳದೆ ಈ ಜಿಲ್ಲೆಯಲ್ಲಿ ಶಾಲೆ ಮುಗಿಸಿದವರು ಕಡಿಮೆ. ಆ ಪದ ಅವರಿಗೆ ಸಲ್ಲಬೇಕಾದದ್ದೇ. ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನನ್ನು ನಿಲ್ಲಿಸುವುದು ಬೇರೆ ಸಂಗತಿ: ಅಂದು ಸತ್ತ ಆ ಇಬ್ಬರು ನೌಕರರಿಗೆ ನಮ್ಮ ಭಾಷೆಯಲ್ಲಿ ಯಾವ ಪದವೂ ಸಿಗಲಿಲ್ಲ. ಅವರೂ ಕನ್ನಡಿಗರೇ, ಸಂಬಳಕ್ಕೆ ದುಡಿಯುತ್ತಿದ್ದವರೇ. ಈಸೂರಿನ ಕಥೆ ಹೇಳುವಾಗ ನಾವು ಅವರ ಹುದ್ದೆಯನ್ನು ಹೇಳಿ ಮುಂದೆ ಹೋಗುತ್ತೇವೆ.

ಸ್ವಾತಂತ್ರ್ಯ ಬಂದು ನಾಲ್ಕು ವರ್ಷಕ್ಕೆ, 1951ರಲ್ಲಿ, ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದರು. ಗೇಣಿ ಅಳೆಯುವ ಕೊಳಗ ದೊಡ್ಡದು ಎಂಬಲ್ಲಿಂದ ಶುರುವಾದ ಜಗಳ ಅದು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಸತ್ಯಾಗ್ರಹದಲ್ಲಿ, ಒಡೆಯರು ಬಿಡಿಸಿದ್ದ ಜಮೀನಿಗೆ ಇಳಿದು ಉಳಲು ಹೋದವರನ್ನು ಪೊಲೀಸರು ಹಿಡಿದು ಜೈಲಿಗೆ ಕಳಿಸಿದರು. ಬೆಂಬಲಿಸಲು ಬಂದ ರಾಮಮನೋಹರ ಲೋಹಿಯಾ ಅವರನ್ನೂ ಬಂಧಿಸಿದರು. ಜೈಲಿಗೆ ಹೋದ ಗೇಣಿದಾರರೂ ಅವರ ಓರಗೆಯವರೂ 1974ರ ಭೂಸುಧಾರಣೆಯ ನಂತರ ಡಿಕ್ಲರೇಷನ್ ಕೊಟ್ಟು ಅಂಥದೇ ಜಮೀನುಗಳ ಒಡೆಯರಾದರು. ಅತಿಕ್ರಮಣ ಎನ್ನಿಸಿಕೊಂಡಿದ್ದನ್ನು ಇಪ್ಪತ್ಮೂರು ವರ್ಷಗಳಲ್ಲಿ ಕಾನೂನೇ ಹಕ್ಕು ಎಂದಿತು. ಇದನ್ನು ಕಣ್ಣಾರೆ ಕಂಡ ನಾಡಿನಲ್ಲಿ ಜನ ಕಾನೂನಿನ ಪದಗಳನ್ನು ಪೂರ್ತಿಯಾಗಿ ನಂಬದಿದ್ದರೆ ಅದು ಅವರ ಅಸಡ್ಡೆಯೆಂದು ನಾನು ಹೇಳಲಾರೆ. ತಾಳಿಕೊಂಡಿದ್ದರೆ ಪದ ಬದಲಾದೀತು ಎಂಬುದು ಇಲ್ಲಿನ ಅನುಭವ. ಬಗರ್‌ಹುಕುಂ ಅರ್ಜಿ ಹಿಡಿದು ನಿಂತವರ ತಾಳ್ಮೆಯ ಬೇರು ಬಹುಶಃ ಅಲ್ಲೇ ಇದೆ.

ಹುಟ್ಟುವ ಮೊದಲೇ

ಎಲ್ಲರ ಪದವೂ ಹೀಗೆ ಬದಲಾಗುವುದಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಮನುಷ್ಯ ಏನನ್ನೂ ಮಾಡಬೇಕಾಗಿರಲಿಲ್ಲ; ಹುಟ್ಟಿದರೆ ಸಾಕು, ಅಪರಾಧಿ. ಹುಬ್ಬಳ್ಳಿ, ಗದಗಗಳಲ್ಲಿ ಅಂಥವರನ್ನು ಕೂಡಿಹಾಕಿದ್ದ ಜಾಗಗಳಿಗೆ ಇಂದೂ ‘ಸೆಟ್ಲಮೆಂಟ್’ ಎಂದೇ ಹೆಸರು. 1952ರ ಆಗಸ್ಟ್ 31ರಂದು ಕಾಯ್ದೆ ಹೋಯಿತು, ಅದರ ಜಾಗಕ್ಕೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಜೈಲು ಕೈಪಿಡಿಗಳಲ್ಲಿ ಈ ಎರಡೂ ಎಷ್ಟರಮಟ್ಟಿಗೆ ಬೆರೆತುಹೋಗಿದ್ದವೆಂದರೆ, ಜಾತಿ ನೋಡಿ ಕೆಲಸ ಹಂಚುವುದನ್ನೂ, ಹಳೆಯ ಕಾಯ್ದೆಯ ಪಟ್ಟಿಯಿಂದ ಬಿಡುಗಡೆಯಾದ ವಿಮುಕ್ತ ಸಮುದಾಯಗಳನ್ನು ರೂಢಿಗತ ಅಪರಾಧಿಗಳೆಂದು ನೋಡುವುದನ್ನೂ ತೆಗೆದುಹಾಕಿ ಎಂದು ಸುಪ್ರೀಂ ಕೋರ್ಟ್ ಹೇಳಲು 2024ರ ಅಕ್ಟೋಬರ್ ಬರಬೇಕಾಯಿತು. ನಮ್ಮ ಊರುಗಳಲ್ಲಿ ಈಗಲೂ ಜಾತ್ರೆಯ ಹೊತ್ತಿಗೆ ಬಯಲಿನಲ್ಲಿ ಗುಡಾರ ಹಾಕಿದವರನ್ನು ಕಂಡರೆ ಬಾಗಿಲು ಭದ್ರಪಡಿಸುತ್ತಾರೆ. ಅವರ ಸಮುದಾಯದ ಹೆಸರನ್ನು ಮಕ್ಕಳನ್ನು ಬೈಯಲು ಬಳಸುತ್ತಾರೆ. ಆ ಹೆಸರುಗಳನ್ನು ಇಲ್ಲಿ ಬರೆಯುವುದು ಬೇಡ, ಓದುತ್ತಿರುವವರಿಗೆ ಗೊತ್ತು. ತಮಾಷೆಯೆಂದರೆ ‘ಫೋರ್ ಟ್ವೆಂಟಿ’ ಎಂಬ ಬೈಗುಳದ ಹಿಂದಿದ್ದ 420ನೆಯ ಕಲಮು 2024ರ ಜುಲೈ 1ಕ್ಕೆ ಇಲ್ಲವಾಗಿ, ವಂಚನೆ ಈಗ ನ್ಯಾಯ ಸಂಹಿತೆಯ 318ಕ್ಕೆ ಹೋಗಿದೆ. ಯಾರನ್ನೂ ‘ತ್ರೀ ಏಯ್ಟೀನ್’ ಎಂದು ಬೈದದ್ದನ್ನು ನಾನು ಕೇಳಿಲ್ಲ. ಬೈಗುಳಕ್ಕೆ ಸಂಸತ್ತಿನ ತಿದ್ದುಪಡಿ ತಾಗುವುದಿಲ್ಲ.

ಹಾಗೆಂದು ಎಲ್ಲ ಪದಗಳನ್ನೂ ಮೆತ್ತಗೆ ಮಾಡಿಬಿಡಬೇಕು ಎಂಬ ವಾದಕ್ಕೂ ನಾನು ಸಿದ್ಧನಿಲ್ಲ. ಬೆಳಗಿನ ವಾಕಿಂಗಿಗೆ ಹೋದಾಗ ಕತ್ತಿನ ಸರ ಕಿತ್ತುಕೊಂಡು ಹೋದವನನ್ನು ಕಳ್ಳ ಎನ್ನಲು ಆ ಹೆಂಗಸಿಗೆ ಎಲ್ಲ ಹಕ್ಕೂ ಇದೆ. ಅವಳ ಎದುರು ಹೋಗಿ ವಿಚಾರಣೆ ಮುಗಿಯುವವರೆಗೆ ಆರೋಪಿ ಎನ್ನಿ ಎಂದು ಹೇಳುವ ಧೈರ್ಯ ನನಗಿಲ್ಲ, ಇಷ್ಟವೂ ಇಲ್ಲ. ಬೇರೆ ಜಾತಿಯವನನ್ನು ಮದುವೆಯಾದಳೆಂದು ಮಗಳನ್ನೇ ಕೊಂದವರ ಕೃತ್ಯಕ್ಕೆ ಪತ್ರಿಕೆಗಳು ಬಹಳ ಕಾಲ ‘ಮರ್ಯಾದಾ ಹತ್ಯೆ’ ಎಂದೇ ಬರೆದವು. ಕೊಂದವರ ಮಾತನ್ನೇ ಅವರ ಪರವಾಗಿ ಅಚ್ಚುಹಾಕಿದ ಹಾಗಾಗುತ್ತಿತ್ತು. ಯಾವುದೋ ಸುದ್ದಿಮೇಜಿನಲ್ಲಿ ಯಾರೋ ಅದನ್ನು ‘ಮರ್ಯಾದೆಗೇಡು ಹತ್ಯೆ’ ಎಂದು ತಿದ್ದಿದರು. ಈಗ ಅದೇ ರೂಢಿಯಾಗಿದೆ. ಅಲ್ಲಿ ಬೇಕಾಗಿದ್ದದ್ದು ಹೆಚ್ಚು ಕಠಿಣವಾದ ಪದವೇ. ಆದರೆ ಗಮನಿಸಿ, ಆ ಕಾಠಿಣ್ಯ ಬಿದ್ದದ್ದು ಕೃತ್ಯದ ಮೇಲೆ. ಕೃತ್ಯಕ್ಕೆ ಎಷ್ಟು ಖಾರವಾದ ಹೆಸರನ್ನಾದರೂ ಇಡೋಣ. ಅರ್ಧ ಚೀಲ ಅಡಿಕೆ ಕದ್ದದ್ದು ಕಳ್ಳತನವೇ, ಅನುಮಾನವಿಲ್ಲ. ಅದನ್ನು ಒಂದು ಮನುಷ್ಯನ ಹೆಸರಿಗೆ ಹೊಲಿದು ಅವನ ಹೆಂಡತಿಯ ಎದುರು, ಮಕ್ಕಳ ಎದುರು ಇಪ್ಪತ್ತು, ಮೂವತ್ತು ವರ್ಷ ಓಡಾಡಿಸುವ ಶಿಕ್ಷೆ ಯಾವ ಸಂಹಿತೆಯಲ್ಲಿ ಇದೆ ಎಂಬುದಷ್ಟೇ ನನ್ನ ತಕರಾರು. ಮಾಜಿ ಶಾಸಕರಿದ್ದಾರೆ, ಮಾಜಿ ಸೈನಿಕರಿದ್ದಾರೆ. ಮಾಜಿ ಕಳ್ಳ ಎಂದರೆ ಜೋಕಾಗುತ್ತದೆ.

ಖುಲಾಸೆ

ಶಿಕ್ಷೆ ಮುಗಿಸಿದವನಿಗೆ ಪದವಿಲ್ಲ ಎಂದರೆ, ಶಿಕ್ಷೆಯೇ ಆಗದವನ ಪಾಡು ಇನ್ನೂ ವಿಚಿತ್ರ. ದೇಶದ ಜೈಲುಗಳಲ್ಲಿರುವವರಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನ ಕೈದಿಗಳು; ಶಿವಮೊಗ್ಗದ ಸೋಗಾನೆಯ ಜೈಲಿನ ಹೊರಗೆ ಭೇಟಿಯ ಚೀಟಿ ಹಿಡಿದು ನಿಂತವರನ್ನು ಕೇಳಿದರೂ ಬಹುಪಾಲು ಅದೇ ಉತ್ತರ ಬರುತ್ತದೆ: “ಇನ್ನೂ ಕೇಸು ನಡೀತಿದೆ.” ಬಂಧನವಾದ ದಿನ ಪೊಲೀಸರ ಪ್ರಕಟಣೆ ಬರುತ್ತದೆ, ಫೋಟೋ ಸಮೇತ. ಖುಲಾಸೆಯಾದ ದಿನ ಪ್ರಕಟಣೆ ಹೊರಡಿಸುವ ಇಲಾಖೆ ಯಾವುದೂ ಇಲ್ಲ. ಖುಲಾಸೆಯ ಭಾಷೆಯೂ ಉಪಕಾರದ ಭಾಷೆ: “ಸಂಶಯದ ಲಾಭ ನೀಡಿ ಬಿಡುಗಡೆ ಮಾಡಲಾಗಿದೆ.”

ನನಗೆ ಪರಿಚಯವಿರುವ ಯುವಕನೊಬ್ಬ ಬೇರೆಯವರ ಪಿಕಪ್ ಓಡಿಸುತ್ತಿದ್ದ. ಒಂದು ರಾತ್ರಿ ಆ ಗಾಡಿಯಲ್ಲಿ ಬೀಟೆಯ ತುಂಡುಗಳು ಸಿಕ್ಕಿ, ಅವನು ನಾಟಾ ಕಳ್ಳತನದ ಪ್ರಕರಣದಲ್ಲಿ ಮೂರನೆಯ ಆರೋಪಿಯಾದ. ವರ್ಷಗಟ್ಟಲೆ ವಾಯಿದೆಗೆ ಓಡಾಡಿದ. ಕೂಗುವವನು ತನ್ನ ಹೆಸರನ್ನು ಮೂರು ಸಲ ಕರೆಯುವಾಗ ಬಾಗಿಲಲ್ಲೇ ನಿಂತಿರಬೇಕು, ತಡವಾದರೆ ವಾರಂಟು ಎಂಬ ಹೆದರಿಕೆಗೆ ಆ ದಿನಗಳಲ್ಲಿ ಚಹಾ ಕುಡಿಯಲೂ ಹೊರಗೆ ಹೋಗುತ್ತಿರಲಿಲ್ಲ. ಕೊನೆಗೆ ಖುಲಾಸೆಯಾಯಿತು. ಆದೇಶವನ್ನು ವಕೀಲರು ಓದಿ ಹೇಳಿದಾಗ ಅವನು ಕೇಳಿದ್ದು, “ಸಂಶಯದ ಲಾಭ ಅಂದ್ರೆ ಸಂಶಯ ಇನ್ನೂ ಇದೆ ಅಂತಲಾ ಸಾರ್?”

ಇತ್ತೀಚೆಗೆ ಅವನು ಚಾಲಕನ ಹುದ್ದೆಯೊಂದಕ್ಕೆ ಅರ್ಜಿ ಹಾಕಿದ. ದಾಖಲೆ ಪರಿಶೀಲನೆಯ ನಮೂನೆಯಲ್ಲಿ, ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ ಎಂಬ ಪ್ರಶ್ನೆಯಿತ್ತು. ಖುಲಾಸೆಯಾಗಿದೆಯಲ್ಲ, ಇಲ್ಲ ಎಂದು ಬರೆಯಲೇ ಎಂದು ಕೇಳಿಕೊಂಡು ಬಂದಿದ್ದ. ಹಾಗೆ ಬರೆಯುವಂತಿಲ್ಲ. ಖುಲಾಸೆಯಾಗಿದ್ದರೂ ಮುಚ್ಚಿಡಬಾರದು, ಮುಚ್ಚಿಟ್ಟರೆ ಅದೇ ಕೆಲಸ ಕಳೆದುಕೊಳ್ಳಲು ಕಾರಣವಾಗಬಹುದು ಎಂದು ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ವಿವರವಾಗಿ ಹೇಳಿದೆ. ಹೌದು ಎಂದು ಬರೆದ. ವಿವರಿಸಿ ಎಂಬುದರ ಮುಂದೆ ಒಂದು ಗೆರೆಯಷ್ಟು ಜಾಗವಿತ್ತು. ನಿರಪರಾಧಿ ಎಂದು ಬರೆಯಲೇ, ಸುಳ್ಳು ಕೇಸು ಎನ್ನಲೇ, ಡ್ರೈವರ್ ಆಗಿದ್ದೆ ಅಷ್ಟೇ ಎನ್ನಲೇ ಎಂದು ಪೆನ್ನು ಹಿಡಿದು ಕೂತಿದ್ದ. ವಕೀಲರಿಗೆ ಫೋನ್ ಮಾಡಿದೆವು. ಅವರು ಯಾವ ಪದವೂ ಬೇಡ ಎಂದರು. ಪ್ರಕರಣದ ಸಂಖ್ಯೆ, ನ್ಯಾಯಾಲಯದ ಹೆಸರು, ಆದೇಶದ ದಿನಾಂಕ ಇಷ್ಟನ್ನು ಬರೆದು ಆದೇಶದ ದೃಢೀಕೃತ ನಕಲನ್ನು ಲಗತ್ತಿಸಲು ಹೇಳಿದರು. ಅವನು ಹಾಗೆಯೇ ಮಾಡಿದ. ಆ ಅರ್ಜಿಯ ಪರಿಶೀಲನೆ ಇನ್ನೂ ಮುಗಿದಿಲ್ಲ.